ನಿಪ್ಪಲ್ ಚೀಪುವ ಹಸುಗೂಸು, ಸಾಲದ ಎದೆಹಾಲು: ಮೊದಲ ಆರು ವಾರಗಳ ದೋಷ ನಿವಾರಣೆ ಕೈಪಿಡಿ

ಶಿಡ್ಲಘಟ್ಟ, ಚಿಂತಾಮಣಿ ಸುತ್ತಲಿನ ಹಳ್ಳಿಗಳಲ್ಲಿ ಬಾಣಂತಿಯರ ಮನೆಗೆ ಹೋದಾಗ ನನ್ನ ಕಿವಿಗೆ ಮೊದಲು ಬೀಳುವ ದೂರು ‘ಹಾಲು ಸಾಲ್ತಿಲ್ಲ ಸಿಸ್ಟರ್’ ಎಂಬುದು. ಹೆಚ್ಚಿನ ಮನೆಗಳಲ್ಲಿ ಈ ಮಾತನ್ನು ಬಾಣಂತಿಯಲ್ಲ, ಅವಳ ತಾಯಿಯೋ ಅತ್ತೆಯೋ ಹೇಳುತ್ತಾರೆ. ಬಾಣಂತಿ ತಲೆ ತಗ್ಗಿಸಿ ಕುಳಿತಿರುತ್ತಾಳೆ. ಅಷ್ಟರಲ್ಲಿ ಮಗುವಿನ ಕಡೆ ಕಣ್ಣು ಹಾಯಿಸಿದರೆ, ಬಹಳ ಸಲ, ಅದರ ಬಾಯಲ್ಲಿ ಒಂದು ನಿಪ್ಪಲ್ ಇರುತ್ತದೆ. ಅಂಗಡಿಯ ಪೊಟ್ಟಣದ ಮೇಲೆ ಅದಕ್ಕೆ ಪ್ಯಾಸಿಫೈಯರ್ ಎಂದೋ ಸೂದರ್ ಎಂದೋ ಹೆಸರಿರುತ್ತದೆ, ನಮ್ಮ ಮನೆಗಳಲ್ಲಿ ಅದು ಬರೀ ನಿಪ್ಪಲ್. ಈ ಬರಹದಲ್ಲೂ ನಿಪ್ಪಲ್ ಎಂದರೆ ಹಾಲಿಲ್ಲದ, ಸುಮ್ಮನೆ ಚೀಪಲು ಕೊಡುವ ಆ ವಸ್ತು; ತಾಯಿಯದನ್ನು ಮೊಲೆತೊಟ್ಟು ಎಂದೇ ಕರೆದಿದ್ದೇನೆ.

ತಿಂಗಳು ತುಂಬಿ ಹುಟ್ಟಿದ, ಎರಡೂವರೆ ಕೆ.ಜಿ.ಗಿಂತ ಕಡಿಮೆ ಇಲ್ಲದ ಮಗುವಿಗೆ ಆರು ವಾರ ತುಂಬುವ ಮೊದಲೇ ನಿಪ್ಪಲ್ ರೂಢಿಯಾಗಿದ್ದು, ಅದರ ಜೊತೆಗೆ ತೂಕ ಏರದಿರುವುದು, ಮಗು ಎದೆಗೆ ಹಾಕಿದೊಡನೆ ಮುಖ ತಿರುಗಿಸುವುದು, ತಾಯಿಯ ತೊಟ್ಟು ಒಡೆದು ನೋಯುವುದು, ಎದೆ ದಿನದಿಂದ ದಿನಕ್ಕೆ ಬತ್ತಿದಂತೆ ಅನಿಸುವುದು, ಇವುಗಳಲ್ಲಿ ಯಾವುದಾದರೂ ಕಂಡುಬಂದಾಗ ಕಾರಣವನ್ನು ಹೇಗೆ ಹುಡುಕಬೇಕೆಂಬುದನ್ನು ಇಲ್ಲಿ ವಿವರಿಸಿದೆ. ತಿಂಗಳು ತುಂಬದೆ ಹುಟ್ಟಿ ನವಜಾತ ಶಿಶು ಘಟಕದಲ್ಲಿದ್ದು ಬಂದ ಮಕ್ಕಳ ವಿಷಯ ಬೇರೆ. ಅಂಥ ಮಕ್ಕಳಿಗೆ ಚೀಪುವ ಅಭ್ಯಾಸವಾಗಲೆಂದು ವೈದ್ಯರೇ ನಿಪ್ಪಲ್ ಕೊಡಿಸಿರಬಹುದು. ಅವರನ್ನು ಕೇಳದೆ ಅದನ್ನು ತೆಗೆಯಬಾರದು.

ಮೊದಲು ನೋಡಬೇಕಾದ ಅಪಾಯದ ಲಕ್ಷಣಗಳು

ಮಗು ಮೊಲೆಯನ್ನೂ ನಿಪ್ಪಲನ್ನೂ ಎರಡನ್ನೂ ಚೀಪದೆ ಜೋಲುಬಿದ್ದಿದ್ದರೆ, ಎಬ್ಬಿಸಿದರೂ ಎಚ್ಚರಗೊಳ್ಳದಿದ್ದರೆ, ಮೈ ಬಿಸಿ 37.5 ಡಿಗ್ರಿ ಸೆಲ್ಸಿಯಸ್ ಮುಟ್ಟಿದ್ದರೆ ಅಥವಾ ಕೈಕಾಲು ಮಾತ್ರವಲ್ಲದೆ ಹೊಟ್ಟೆಯೂ ತಣ್ಣಗಿದ್ದರೆ, ಮಲಗಿರುವಾಗಲೂ ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಸಲ ಉಸಿರಾಡುತ್ತಿದ್ದರೆ, ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಹೋಗುತ್ತಿದ್ದರೆ, ಫಿಟ್ಸ್ ಬಂದಿದ್ದರೆ, ಅಂಗೈ ಅಂಗಾಲು ಹಳದಿಯಾಗಿದ್ದರೆ ಅಥವಾ ಹುಟ್ಟಿದ ಮೊದಲ ದಿನವೇ ಮೈ ಹಳದಿಯಾಗಿದ್ದರೆ, ಈ ಕೈಪಿಡಿಯನ್ನು ಇಲ್ಲಿಗೇ ನಿಲ್ಲಿಸಿ 108ಕ್ಕೆ ಕರೆ ಮಾಡಬೇಕು. ಇಡೀ ದಿನ ಮೂತ್ರ ಮಾಡದ ಮಗುವಿಗೂ ಇದೇ ಮಾತು. ‘ದೃಷ್ಟಿಯಾಗಿರಬೇಕು’ ಎಂದು ಅಜ್ಜಿ ನೀವಾಳಿಸಿದರೆ ನಾನು ಬೇಡ ಎನ್ನುವುದಿಲ್ಲ, ಆದರೆ ಗಾಡಿ ಬರುವವರೆಗೆ ಅದು ಮುಗಿದಿರಬೇಕು.

ದೋಷ ಹುಟ್ಟುವ ಬಗೆ

ಹಸು ಕಟ್ಟಿದ ಮನೆಗಳಲ್ಲಿ ಇದನ್ನು ವಿವರಿಸುವುದು ಸುಲಭ. ಗಬ್ಬದ ಹಸುವಿನ ಹಾಲನ್ನು ಕರು ಹಾಕುವ ಸುಮಾರು ಎರಡು ತಿಂಗಳ ಮೊದಲು ಬತ್ತಿಸುತ್ತಾರೆ. ಬತ್ತಿಸಲು ಏನು ಮಾಡುತ್ತಾರೆ? ಕರೆಯುವುದನ್ನು ನಿಲ್ಲಿಸುತ್ತಾರೆ. ಕೆಚ್ಚಲಲ್ಲಿ ಹಾಲು ಉಳಿದಷ್ಟೂ ಹೊಸ ಹಾಲು ಊರುವುದು ಕಡಿಮೆಯಾಗಿ ಕೊನೆಗೆ ನಿಲ್ಲುತ್ತದೆ. ಹೆಣ್ಣಿನ ಎದೆಯೂ ಹೀಗೆಯೇ. ಮಗು ಚೀಪಿದಾಗ ತಾಯಿಯ ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯಿಂದ ಪ್ರೊಲ್ಯಾಕ್ಟಿನ್ ಎಂಬ ರಸ ಹೊರಟು ಹಾಲನ್ನು ಹುಟ್ಟಿಸುತ್ತದೆ, ಆಕ್ಸಿಟೋಸಿನ್ ಎಂಬ ರಸ ಹೊರಟು ಆ ಹಾಲನ್ನು ತೊಟ್ಟಿಗೆ ಇಳಿಸುತ್ತದೆ. ಪ್ರೊಲ್ಯಾಕ್ಟಿನ್ ರಾತ್ರಿ ಹೊತ್ತು ಹೆಚ್ಚಾಗಿರುವುದರಿಂದ ನಡುರಾತ್ರಿಯಲ್ಲಿ ಕೊಡುವ ಹಾಲಿಗೆ ಬೆಲೆ ಹೆಚ್ಚು. ಎದೆಯಲ್ಲೇ ಉಳಿದ ಹಾಲು ಮಾತ್ರ ‘ಇಷ್ಟು ಬೇಡ’ ಎಂದು ಹೇಳಿದಂತೆ ಕೆಲಸ ಮಾಡಿ ಉತ್ಪತ್ತಿಯನ್ನು ತಗ್ಗಿಸುತ್ತದೆ.

ಈಗ ನಿಪ್ಪಲನ್ನು ಈ ಲೆಕ್ಕದೊಳಗೆ ಇಟ್ಟು ನೋಡಿ. ಹಸುಗೂಸು ದಿನರಾತ್ರಿ ಸೇರಿ 8ರಿಂದ 12 ಸಲ ಹಾಲು ಕುಡಿಯಬೇಕು. ಹಸಿವಾದಾಗ ಅದು ಮೊದಲು ಅಳುವುದಿಲ್ಲ. ತಲೆಯನ್ನು ಆಚೀಚೆ ಹೊರಳಿಸುತ್ತದೆ, ನಾಲಿಗೆ ಚಾಚುತ್ತದೆ, ಮುಷ್ಟಿಯನ್ನು ಬಾಯಿಗೆ ತರುತ್ತದೆ. ಅಳು ಬರುವುದು ಇವೆಲ್ಲ ಆದಮೇಲೆ. ನಿಪ್ಪಲ್ ಬಾಯಲ್ಲಿದ್ದರೆ ಮೊದಲ ಮೂರು ಸೂಚನೆಗಳು ಯಾರ ಕಣ್ಣಿಗೂ ಬೀಳುವುದಿಲ್ಲ, ನಾಲ್ಕನೆಯದಾದ ಅಳುವನ್ನು ನಿಪ್ಪಲೇ ಅಡಗಿಸಿಬಿಡುತ್ತದೆ. ಮಗು ಅರ್ಧ ಗಂಟೆ ಚೀಪಿ ದಣಿದು ನಿದ್ದೆ ಹೋಗುತ್ತದೆ. ಹೀಗೆ ದಿನಕ್ಕೆ ಮೂರು ನಾಲ್ಕು ಸಲ ಹಾಲು ತಪ್ಪಿದರೆ, ಹತ್ತು ದಿನದಲ್ಲಿ ಎದೆ ನಿಜವಾಗಿಯೂ ಕಡಿಮೆ ಹಾಲು ಕೊಡತೊಡಗುತ್ತದೆ. ‘ಹಾಲು ಸಾಲ್ತಿಲ್ಲ’ ಎಂಬ ಮಾತು ಆ ಹೊತ್ತಿಗೆ ಸುಳ್ಳಲ್ಲ, ಆದರೆ ಅದು ಮೂಲ ಕಾರಣವೂ ಅಲ್ಲ.

ಇದಕ್ಕೆ ಇನ್ನೊಂದು ಮುಖವಿದೆ. ಬ್ರೆಜಿಲಿನ ಪೆಲೋಟಾಸ್ ನಗರದ ತಾಯಂದಿರ ಕುರಿತು 1997ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದೇ ಪ್ರಶ್ನೆಯನ್ನು ಎತ್ತಿತ್ತು: ನಿಪ್ಪಲ್ ಎದೆಹಾಲನ್ನು ಬಿಡಿಸುತ್ತದೆಯೋ, ಎದೆಹಾಲು ಕೊಡಲು ಕಷ್ಟಪಡುವ ತಾಯಿ ನಿಪ್ಪಲಿನ ಮೊರೆ ಹೋಗುತ್ತಾಳೋ? ಹಾಲೂಡಿಸುವುದರಲ್ಲಿ ಧೈರ್ಯವಿದ್ದ ತಾಯಂದಿರಿಗೆ ನಿಪ್ಪಲಿನಿಂದ ಅಷ್ಟೇನೂ ಬಾಧೆಯಾಗದು, ಮೊದಲೇ ತೊಡಕಿನಲ್ಲಿದ್ದವರ ಕೈಯಲ್ಲಿ ಅದು ಹಾಲು ಬಿಡಿಸುವ ಸಾಧನವಾಗುತ್ತದೆ ಎಂಬ ಕಡೆಗೆ ಅದರ ತೀರ್ಮಾನ ವಾಲಿತ್ತು. ನಾನು ಕಂಡದ್ದೂ ಇದನ್ನೇ. ತೊಟ್ಟು ಒಡೆದು ರಕ್ತ ಬರುತ್ತಿರುವ ಹುಡುಗಿ ಮಗು ಮಿಸುಕಿದೊಡನೆ ನಿಪ್ಪಲ್ ಇಡುತ್ತಾಳೆ. ಆ ಒಂದು ಗಂಟೆ ಅವಳಿಗೆ ನೋವಿನಿಂದ ಬಿಡುವು. ಅವಳ ಕೈಯಿಂದ ನಿಪ್ಪಲ್ ಕಸಿದುಕೊಂಡು ಗದರಿದರೆ ಕಾರಣ ಹಾಗೆಯೇ ಉಳಿಯುತ್ತದೆ. ಆದ್ದರಿಂದ ನಿಪ್ಪಲ್ ಕಂಡೊಡನೆ ದೋಷ ಸಿಕ್ಕಿತೆಂದು ತಿಳಿಯದೆ, ಅದು ಏನನ್ನು ಮುಚ್ಚಿಟ್ಟಿದೆ ಎಂದು ಹುಡುಕಬೇಕು.

ಒಳಗೆ ಹೋದದ್ದು ತಿಳಿಯಲು ಹೊರಗೆ ಬಂದದ್ದನ್ನು ನೋಡುವುದು

ಮಗುವಿನ ಹೊಟ್ಟೆಗೆ ಎಷ್ಟು ಹಾಲು ಹೋಯಿತೆಂದು ಎದೆಯನ್ನು ಮುಟ್ಟಿ ಹೇಳಲಾಗದು. ಮೂರನೆಯ ನಾಲ್ಕನೆಯ ವಾರಕ್ಕೆ ಎದೆ ಮೆತ್ತಗಾಗುವುದು ಸಹಜ, ಅದನ್ನು ಬತ್ತಿತೆಂದು ತಿಳಿಯುವುದು ತಪ್ಪು. ಹಿಂಡಿದಾಗ ಎಷ್ಟು ಬಂತೆಂಬುದೂ ಸಾಕ್ಷಿಯಲ್ಲ. ಕೈಗಿಂತ ಮಗುವಿನ ಬಾಯಿ ಚೆನ್ನಾಗಿ ಎಳೆಯುತ್ತದೆ.

ನಂಬಬಹುದಾದ ಸಾಕ್ಷಿಗಳು ಮೂರು. ಐದನೆಯ ದಿನದಿಂದ ಮುಂದೆ ಮಗು ದಿನಕ್ಕೆ ಕನಿಷ್ಠ ಆರು ಸಲ ತಿಳಿಬಣ್ಣದ ಮೂತ್ರ ಮಾಡಬೇಕು. ಮೊದಲ ದಿನಗಳ ಕಪ್ಪು ಮಲ ಹಸಿರಿಗೆ ತಿರುಗಿ ಐದನೆಯ ದಿನದ ಹೊತ್ತಿಗೆ ಹಳದಿಯಾಗಬೇಕು, ಮೊದಲ ತಿಂಗಳಲ್ಲಿ ದಿನಕ್ಕೆ ಮೂರು ನಾಲ್ಕು ಸಲವಾದರೂ ಆಗಬೇಕು. ಹುಟ್ಟಿದ ಮೇಲೆ ಸ್ವಲ್ಪ ಇಳಿದ ತೂಕ ಎರಡು ವಾರದೊಳಗೆ ಮೊದಲಿನ ಮಟ್ಟಕ್ಕೆ ಬಂದು, ಆಮೇಲೆ ದಿನಕ್ಕೆ 20ರಿಂದ 30 ಗ್ರಾಂನಂತೆ ಏರಬೇಕು.

ಇವನ್ನು ಎಣಿಸುವಾಗ ನಮ್ಮ ಮನೆಗಳಲ್ಲಿ ಎರಡು ಕಡೆ ಲೆಕ್ಕ ತಪ್ಪುತ್ತದೆ. ಈಚೆಗೆ ಪೇಟೆಯ ಡೈಪರ್ ಹಳ್ಳಿಗೂ ಬಂದಿದೆ. ಅದು ಎಷ್ಟು ಸಲದ ಮೂತ್ರವನ್ನು ಹೀರಿದೆಯೆಂದು ಯಾರಿಗೂ ಗೊತ್ತಾಗುವುದಿಲ್ಲ. ಎಣಿಸುವ ಎರಡು ದಿನ ಹಳೆಯ ಪಂಚೆಯ ಬಟ್ಟೆಯನ್ನೇ ಕಟ್ಟಬೇಕು. ಎರಡನೆಯದಾಗಿ, ಮಗುವಿಗೆ ಕಾಯಿಸಿ ಆರಿಸಿದ ನೀರನ್ನೋ ಗ್ರೈಪ್ ವಾಟರನ್ನೋ ಕುಡಿಸುತ್ತಿದ್ದರೆ ಮೂತ್ರದ ಎಣಿಕೆ ಸರಿಯಾಗಿಯೇ ಕಾಣುತ್ತದೆ, ಮಗು ಮಾತ್ರ ಸೊರಗುತ್ತಿರುತ್ತದೆ. ನೀರಿನಿಂದ ಮೂತ್ರವಾಗುತ್ತದೆ, ಹಳದಿ ಮಲವಾಗುವುದಿಲ್ಲ. ಹೀಗಾಗಿ ಈ ಸಾಕ್ಷಿಗಳು ಒಂದಕ್ಕೊಂದು ತಾಳೆಯಾಗದಿದ್ದಾಗ ನಾನು ಮಲವನ್ನೂ ತೂಕವನ್ನೂ ನಂಬುತ್ತೇನೆ. ನಾಲ್ಕನೆಯ ದಿನ ಕಳೆದ ಮೇಲೂ ಬಟ್ಟೆಯಲ್ಲಿ ಇಟ್ಟಿಗೆ ಪುಡಿಯಂಥ ಕೆಂಪು ಕಲೆ ಕಂಡರೆ ಹಾಲು ಸಾಲುತ್ತಿಲ್ಲವೆಂದೇ ಎಣಿಸಿ.

ತೂಕಕ್ಕೆ ತಾಯಿ ಕಾರ್ಡಿನಲ್ಲಿ ಬರೆದಿರುವ ಹುಟ್ಟಿನ ತೂಕವೇ ಆಧಾರ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಬಂದು ತೂಗುತ್ತಾರೆ. ಅವರ ತೂಗುಜೋಳಿಗೆಯ ತಕ್ಕಡಿಗೂ ಆರೋಗ್ಯ ಕೇಂದ್ರದ ಡಿಜಿಟಲ್ ತಕ್ಕಡಿಗೂ ವ್ಯತ್ಯಾಸ ಬರಬಹುದಾದ್ದರಿಂದ ಎರಡು ತೂಕಗಳನ್ನು ಹೋಲಿಸಬೇಕಾದಾಗ ಒಂದೇ ತಕ್ಕಡಿಯಲ್ಲಿ, ಬಟ್ಟೆ, ಕುಲಾವಿ, ಕಾಲ್ಗಡಗ ಎಲ್ಲವನ್ನೂ ತೆಗೆದು ತೂಗಬೇಕು. ಹುಟ್ಟಿನ ತೂಕದಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಇಳಿದಿದ್ದರೆ ಮನೆಯಲ್ಲಿ ಪರೀಕ್ಷೆ ಮಾಡುತ್ತ ಕೂರದೆ ಅಂದೇ ವೈದ್ಯರಿಗೆ ತೋರಿಸಬೇಕು.

ಇಪ್ಪತ್ತನಾಲ್ಕು ಗಂಟೆಯ ಲೆಕ್ಕ

ದಿನಕ್ಕೆಷ್ಟು ಸಲ ಹಾಲು ಕೊಡುತ್ತೀರೆಂದು ಕೇಳಿದರೆ ‘ಅತ್ತಾಗೆಲ್ಲ ಕೊಡ್ತೀವಿ’ ಎಂಬ ಉತ್ತರವೇ ಬರುತ್ತದೆ, ಅದನ್ನು ಹೇಳುವವರು ನಂಬಿಯೇ ಹೇಳುತ್ತಾರೆ. ಹಾಗಾಗಿ ಬಾಯಿಮಾತಿನ ಬದಲು ಒಂದು ಹಾಳೆಯಲ್ಲಿ ಒಂದು ಹಗಲು ಒಂದು ರಾತ್ರಿ ಗುರುತು ಹಾಕಲು ಹೇಳುತ್ತೇನೆ: ಎದೆಗೆ ಹಾಕಿದರೆ ಗೆರೆ, ನಿಪ್ಪಲ್ ಇಟ್ಟರೆ ಸೊನ್ನೆ.

ಶಿಡ್ಲಘಟ್ಟದ ಹತ್ತಿರದ ಒಂದು ರೇಷ್ಮೆ ಮನೆಯಲ್ಲಿ ಈ ಹಾಳೆ ಹೇಳಿದ್ದನ್ನು ಇಲ್ಲಿ ಇಡುತ್ತೇನೆ. ಹೆಣ್ಣುಮಗು, ಹುಟ್ಟಿದಾಗ 2,900 ಗ್ರಾಂ, ಇಪ್ಪತ್ತೊಂದನೆಯ ದಿನ 2,850 ಗ್ರಾಂ. ರೇಷ್ಮೆ ಹುಳು ನಾಲ್ಕನೆಯ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಎದ್ದಿದ್ದವು. ಅಲ್ಲಿಂದ ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವವರೆಗಿನ ಒಂದು ವಾರದಲ್ಲೇ ಅವು ಇಡೀ ಬೆಳೆಯ ಬಹುಪಾಲು ಸೊಪ್ಪನ್ನು ತಿನ್ನುತ್ತವೆ, ಮನೆಯವರಿಗೆ ಹಗಲು ರಾತ್ರಿ ಒಂದೇ. ಬಾಣಂತಿಯ ತಾಯಿ ಕೈತುಂಬ ಹಿಪ್ಪುನೇರಳೆ ಸೊಪ್ಪು ಹಿಡಿದುಕೊಂಡೇ ಬಾಗಿಲಲ್ಲಿ ನಿಂತು ಹೇಳಿದರು: ‘ರಾತ್ರಿ ಎದ್ದು ಸೊಪ್ಪು ಹಾಕ್ಬೇಕು ಸಿಸ್ಟರ್. ಮಗಳು ಹಸಿ ಬಾಣಂತಿ, ಅವಳಾದ್ರೂ ಒಂದಿಷ್ಟು ಮಲಗ್ಲಿ ಅಂತ ನಾನೇ ನಿಪ್ಪಲ್ ಇಟ್ಟು ತೂಗ್ತೀನಿ.’ ಮಗಳ ಮೇಲಿನ ಅಕ್ಕರೆಯಿಂದ ಮಾಡಿದ ಕೆಲಸ ಅದು. ಮರುದಿನ ಕ್ಯಾಲೆಂಡರಿನ ಹಿಂಬದಿಯಲ್ಲಿ ಹನ್ನೊಂದು ಸೊನ್ನೆ, ಆರು ಗೆರೆ ಇದ್ದವು. ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಗೆರೆಯೇ ಇರಲಿಲ್ಲ. ಆ ಹಾಳೆಯನ್ನು ತಾಯಿ ಮಗಳು ಇಬ್ಬರ ಮುಂದೆ ಇಟ್ಟ ಮೇಲೆ ನಾನು ಹೆಚ್ಚು ಮಾತಾಡುವ ಅಗತ್ಯ ಬೀಳಲಿಲ್ಲ.

ಸೊನ್ನೆಗಳು ಗೆರೆಗಳಿಗಿಂತ ಹೆಚ್ಚಿದ್ದು, ಗೆರೆಗಳು ಎಂಟನ್ನು ಮುಟ್ಟದಿದ್ದರೆ, ಬೇರೆ ಕಾರಣ ಹುಡುಕುವ ಮೊದಲು ತಪ್ಪಿಹೋದ ಹಾಲನ್ನು ಮರಳಿ ಕೊಡಬೇಕು. ಗೆರೆಗಳು ಹತ್ತು ಹನ್ನೆರಡಿದ್ದೂ ತೂಕ ಏರದಿದ್ದರೆ ದೋಷ ಎಣಿಕೆಯಲ್ಲಿಲ್ಲ, ಹಿಡಿತದಲ್ಲಿ, ಅಂದರೆ ಮಗು ಎದೆಯನ್ನು ಬಾಯಲ್ಲಿ ಹಿಡಿಯುವ ರೀತಿಯಲ್ಲಿ, ಇರಬಹುದು.

ಹಾಲೂಡುವಾಗ ಪಕ್ಕದಲ್ಲಿ ಕುಳಿತು ನೋಡುವುದು

ಇದಕ್ಕೆ ಕಡಿಮೆಯೆಂದರೂ ಅರ್ಧ ಗಂಟೆ ಬೇಕು. ಗಂಡಸರನ್ನು ಹೊರಗೆ ಕಳಿಸಿ, ಬಾಣಂತಿಯ ಬೆನ್ನಿಗೆ ದಿಂಬು ಕೊಟ್ಟು, ಅವಳು ಪ್ರತಿದಿನ ಹೇಗೆ ಕೊಡುತ್ತಾಳೋ ಹಾಗೆಯೇ ಕೊಡಲು ಹೇಳಿ ಸುಮ್ಮನೆ ನೋಡಬೇಕು. ತಿದ್ದುವುದು ಆಮೇಲೆ.

ಸರಿಯಾದ ಹಿಡಿತದಲ್ಲಿ ಮಗುವಿನ ಬಾಯಿ ಆಕಳಿಸಿದಷ್ಟು ಅಗಲ ತೆರೆದಿರುತ್ತದೆ, ಕೆಳತುಟಿ ಹೊರಕ್ಕೆ ಮಡಿಚಿರುತ್ತದೆ, ಗದ್ದ ಎದೆಗೆ ತಾಗಿರುತ್ತದೆ, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಮೇಲುಗಡೆ ಹೆಚ್ಚು, ಕೆಳಗಡೆ ಕಡಿಮೆ ಕಾಣುತ್ತದೆ. ಮಗುವಿನ ತಲೆ, ಬೆನ್ನು, ಸೊಂಟ ಒಂದೇ ನೇರದಲ್ಲಿದ್ದು ಹೊಟ್ಟೆ ತಾಯಿಯ ಹೊಟ್ಟೆಗೆ ಅಂಟಿರಬೇಕು. ಕತ್ತು ತಿರುಗಿಸಿಕೊಂಡು ಕುಡಿಯುವ ಮಗುವಿನ ಕಷ್ಟ ತಿಳಿಯಬೇಕಾದರೆ ಕತ್ತು ಪಕ್ಕಕ್ಕೆ ತಿರುಗಿಸಿ ಒಂದು ಗುಟುಕು ನೀರು ನುಂಗಿ ನೋಡಿ.

ನಿಪ್ಪಲಿಗೆ ಒಗ್ಗಿದ ಮಗು ಹೆಚ್ಚಾಗಿ ಎಡವುವುದು ಇಲ್ಲಿಯೇ. ಗಟ್ಟಿ ಸಿಲಿಕೋನಿನ ಗಿಡ್ಡ ತೊಟ್ಟನ್ನು ಹಿಡಿಯಲು ಬಾಯಿ ಅರ್ಧ ತೆರೆದರೆ ಸಾಕು, ತುಟಿ ಬಿಗಿದರೆ ಸಾಕು. ಎದೆಯನ್ನು ಹಿಡಿಯುವಾಗಲೂ ಅದು ಹಾಗೆಯೇ ಮಾಡಿದರೆ ತೊಟ್ಟಿನ ತುದಿ ಮಾತ್ರ ಬಾಯಿಗೆ ಸಿಕ್ಕಿ ಒಸಡುಗಳ ನಡುವೆ ಅರೆಯುತ್ತದೆ. ಮಗು ಬಿಟ್ಟೊಡನೆ ತೊಟ್ಟನ್ನು ನೋಡಿ: ಅದು ದುಂಡಗಿರದೆ ಚಪ್ಪಟೆಯಾಗಿ, ಒಂದು ಕಡೆ ಬಿಳಿಚಿಕೊಂಡು, ಹೊಸ ಲಿಪ್‌ಸ್ಟಿಕ್ಕಿನ ತುದಿಯಂತೆ ಓರೆಯಾಗಿದ್ದರೆ ಹಿಡಿತ ತಪ್ಪಿದೆ. ತಾಯಿಯ ನೋವಿಗೂ ಮಗುವಿನ ಹಸಿವಿಗೂ ಆ ಒಂದೇ ತಪ್ಪು ಕಾರಣವಾಗಿರುತ್ತದೆ.

ಕಣ್ಣಿನಷ್ಟೇ ಕಿವಿಯೂ ಕೆಲಸಕ್ಕೆ ಬರುತ್ತದೆ. ಹಾಲಿಲ್ಲದ ನಿಪ್ಪಲನ್ನು ಮಗು ಸೆಕೆಂಡಿಗೆ ಸುಮಾರು ಎರಡು ಸಲದಂತೆ ಚುರುಕಾಗಿ ಚೀಪುತ್ತದೆ. ಹಾಲು ಬರುತ್ತಿರುವಾಗ ಚೀಪುವಿಕೆ ಸೆಕೆಂಡಿಗೆ ಒಂದಕ್ಕೆ ಇಳಿದು, ದವಡೆ ಆಳವಾಗಿ ಇಳಿದು, ನಡುನಡುವೆ ‘ಕ್’ ಎಂಬ ಸಣ್ಣ ನುಂಗುವ ಸದ್ದು ಕೇಳುತ್ತದೆ. ಎದೆಯಲ್ಲಿದ್ದೂ ಮಗು ಮೊದಲಿನಿಂದ ಕೊನೆಯವರೆಗೆ ನಿಪ್ಪಲಿನ ಚುರುಕಿನಲ್ಲೇ ಚೀಪುತ್ತಿದ್ದು ನುಂಗುವ ಸದ್ದೇ ಇಲ್ಲದಿದ್ದರೆ, ಗಂಟೆಗಟ್ಟಲೆ ಕುಡಿದರೂ ಹೊಟ್ಟೆಗೆ ಹೋದದ್ದು ಅಲ್ಪ. ಫ್ಯಾನ್, ಟಿ.ವಿ. ಎರಡನ್ನೂ ನಿಲ್ಲಿಸಿ ಕೇಳಿದರೆ ಮನೆಯವರಿಗೇ ಈ ವ್ಯತ್ಯಾಸ ತಿಳಿಯುತ್ತದೆ; ಒಮ್ಮೆ ತಿಳಿದ ಮೇಲೆ ಅಜ್ಜಿಯಂದಿರು ನನಗಿಂತ ಚೆನ್ನಾಗಿ ಗುರುತಿಸುತ್ತಾರೆ.

ಹಿಡಿತ ತಿದ್ದಲು ತೊಟ್ಟಿನಿಂದ ಮಗುವಿನ ಮೇಲ್ದುಟಿಯನ್ನು ಸವರಿ, ಬಾಯಿ ದೊಡ್ಡದಾಗಿ ತೆರೆಯುವವರೆಗೆ ಕಾದು, ಆಗ ಮಗುವನ್ನು ಎದೆಗೆ ತರಬೇಕು; ಎದೆಯನ್ನು ಬಗ್ಗಿಸಿ ಮಗುವಿನ ಬಾಯಿಗೆ ತುರುಕಬಾರದು. ನೋವಿದ್ದರೆ ಕಿರುಬೆರಳನ್ನು ಬಾಯಂಚಿನಲ್ಲಿ ತೂರಿಸಿ ಬಿಡಿಸಿ ಮತ್ತೆ ಹಿಡಿಸಬೇಕು. ಐದು ಸಲ ಬಿಡಿಸಿ ಹಿಡಿಸಿದರೂ ಬೇಸರಪಡಬೇಡಿ.

ಮೂರು ದಿನ ನಿಪ್ಪಲ್ ತೆಗೆದಿಡುವುದು

ಮಗು ಚುರುಕಾಗಿದ್ದು, ತೂಕ ಅಪಾಯದ ಮಟ್ಟಕ್ಕೆ ಇಳಿಯದಿದ್ದರೆ, ಮೂರು ಹಗಲು ಮೂರು ರಾತ್ರಿ ನಿಪ್ಪಲನ್ನು ಸಂಪೂರ್ಣ ತೆಗೆದಿಟ್ಟು ನೋಡುವುದೇ ಈ ಕೈಪಿಡಿಯ ಮುಖ್ಯ ಪರೀಕ್ಷೆ. ಮೊದಲು ತೂಗಿ, ಬರೆದಿಟ್ಟು, ಆರಂಭಿಸಿ.

ಈ ಮೂರು ದಿನ ಬಾಣಂತಿಗೆ ಮಗುವನ್ನು ಬಿಟ್ಟರೆ ಬೇರೆ ಕೆಲಸವಿರಬಾರದು. ಮಗುವನ್ನು ಬಟ್ಟೆಯಿಲ್ಲದೆ ತಾಯಿಯ ಬರಿ ಎದೆಗೆ ಆನಿಸಿ ಮೇಲೆ ಹೊದಿಸಿ, ತಲೆ ಹೊರಳಿಸಿದೊಡನೆ ಹಾಲಿಗೆ ಹಾಕಬೇಕು. ಎರಡು ಮೂರು ಗಂಟೆಯಾದರೂ ಏಳದ ಮಗುವನ್ನು ಅಂಗಾಲು ಉಜ್ಜಿ ಎಬ್ಬಿಸಬೇಕು, ರಾತ್ರಿಯೂ ಸಹ. ಒಂದು ಎದೆ ಬರಿದಾದ ಮೇಲೆ ಇನ್ನೊಂದನ್ನು ಕೊಡಬೇಕು. ತೂಕ ಕಡಿಮೆಯಿರುವ ಮಗುವಿಗೆ ಪ್ರತಿ ಸಲ ಹಾಲೂಡಿದ ಮೇಲೆ ಉಳಿದ ಹಾಲನ್ನು ಶುಚಿಯಾದ ಬಟ್ಟಲಿಗೆ ಹಿಂಡಿ ಒಳಲೆಯಲ್ಲಿ, ಅಂದರೆ ಮೂತಿಯಿರುವ ಪುಟ್ಟ ಬಟ್ಟಲಲ್ಲಿ, ಕುಡಿಸಬೇಕು. ಆಸ್ಪತ್ರೆಯಲ್ಲಿ ಪಲಾಡೆ ಎಂದು ಕೊಡುವುದೂ ನಮ್ಮ ಅಜ್ಜಿಯಂದಿರ ಒಳಲೆಯೇ. ಮಗುವನ್ನು ಕೂರಿಸಿದಂತೆ ಹಿಡಿದು, ತುಟಿಯಂಚಿಗೆ ತಾಗಿಸಿ, ಅದು ನುಂಗಿದಷ್ಟೇ ಬಗ್ಗಿಸಬೇಕು, ಬಾಯೊಳಗೆ ಸುರಿಯಬಾರದು. ಬಾಟಲಿ ಬೇಡ, ಅದು ಬಿಡಿಸಿದ ಅಭ್ಯಾಸವನ್ನೇ ಮತ್ತೆ ತರುತ್ತದೆ. ಹಿಂಡಿದ ಹಾಲು ನಮ್ಮ ಬೇಸಿಗೆಯ ಬಿಸಿಯಲ್ಲಿ ಹೊರಗೆ ನಾಲ್ಕು ಗಂಟೆಗಿಂತ ಹೆಚ್ಚು ಇರಬಾರದು.

ಮೊದಲ ರಾತ್ರಿ ಕಷ್ಟದ್ದು, ಇದನ್ನು ಮುಂಚಿತವಾಗಿಯೇ ಹೇಳಿಬಿಡಬೇಕು. ಮಗು ಗಂಟೆಗೊಮ್ಮೆ ಏಳುತ್ತದೆ, ಎದೆ ಹಿಡಿದು ಬಿಟ್ಟು ಅಳುತ್ತದೆ, ‘ಹಾಲಿಲ್ಲ ಅಂತ ತಾನೆ ಅಳೋದು’ ಎಂದು ಪಕ್ಕದ ಮನೆಯವರೂ ಹೇಳಿಹೋಗುತ್ತಾರೆ. ಆ ರಾತ್ರಿ ಮಗುವನ್ನು ಭುಜಕ್ಕೆ ಹಾಕಿಕೊಂಡು ತಿರುಗಾಡಲು ಇನ್ನೊಬ್ಬರಿರಬೇಕು. ಮಗುವಿನ ತಂದೆ ಮಾಡಬಹುದಾದ ಕೆಲಸ ಇದು, ಹೆಣ್ಣು ತವರಿನಲ್ಲಿದ್ದರೂ ಅವನು ಬಂದು ಮೂರು ದಿನ ಇರಬಹುದು. ಎರಡನೆಯ ದಿನದ ಸಂಜೆಯ ಹೊತ್ತಿಗೆ ನುಂಗುವ ಸದ್ದು ಹೆಚ್ಚುತ್ತದೆ, ಮೂರನೆಯ ದಿನ ಹಳದಿ ಮಲದ ಬಟ್ಟೆಗಳು ಹೆಚ್ಚುತ್ತವೆ. ರೇಷ್ಮೆ ಮನೆಯ ಆ ಮಗು ನಾಲ್ಕನೆಯ ಬೆಳಿಗ್ಗೆ ಅದೇ ತಕ್ಕಡಿಯಲ್ಲಿ 2,950 ಗ್ರಾಂ ತೂಗಿತು. ಆ ಮೂರು ರಾತ್ರಿ ಸೊಪ್ಪು ಹಾಕಿದ್ದು ಮಗುವಿನ ತಂದೆ ಮತ್ತು ಚಿಕ್ಕಮ್ಮ.

ಬಾಣಂತಿಯ ಊಟದ ಬಗ್ಗೆ ಒಂದು ಮಾತು. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಂತ್ಯದ ಗಂಜಿ ಎಲ್ಲವೂ ಇರಲಿ. ಬಾಣಂತಿಗೆ ನೀರು ಕಡಿಮೆ ಕೊಡುವ ಪಥ್ಯ ಮಾತ್ರ ಬೇಡ. ಬಾಯಾರಿದಷ್ಟು ಕುಡಿಯಲು ಬಿಡಿ.

ಮೂರು ದಿನದ ನಂತರವೂ ತೂಕ ಏರದಿದ್ದರೆ

ಆಗ ನಿಪ್ಪಲನ್ನು ದೂರುವುದನ್ನು ಬಿಟ್ಟು ಮುಂದಕ್ಕೆ ಹೋಗಬೇಕು. ಅತ್ತಾಗ ಮಗುವಿನ ನಾಲಿಗೆಯ ತುದಿ ಒಸಡಿನಾಚೆ ಬರದೆ ನಡುವೆ ಸೀಳಿದಂತೆ ಕಂಡರೆ ನಾಲಿಗೆಯ ಅಡಿಯ ಪೊರೆ ಗಿಡ್ಡವಿರಬಹುದು. ಬಾಯೊಳಗೆ ಒರೆಸಿದರೂ ಹೋಗದ ಮೊಸರಿನಂಥ ಬಿಳಿ ಮಚ್ಚೆಗಳಿದ್ದು ತಾಯಿಯ ತೊಟ್ಟು ಉರಿಯುತ್ತಿದ್ದರೆ ಅದು ಬೂಷ್ಟಿನ ಸೋಂಕು. ತಾಯಿ ಮಗು ಇಬ್ಬರಿಗೂ ಒಟ್ಟಿಗೆ ಔಷಧಿಯಾಗದಿದ್ದರೆ ಒಬ್ಬರಿಂದೊಬ್ಬರಿಗೆ ಮರಳಿ ಹತ್ತುತ್ತದೆ, ನಿಪ್ಪಲ್ ಇದ್ದರೆ ಅದರಿಂದಲೂ ಹತ್ತುತ್ತದೆ. ಎದೆಯ ಒಂದು ಭಾಗ ಕೆಂಪಾಗಿ ಗಟ್ಟಿಯಾಗಿ ತಾಯಿಗೆ ಜ್ವರ ಬಂದಿದ್ದರೆ ಹಾಲು ಕಟ್ಟಿಕೊಂಡು ಬಾವು ಬಂದಿದೆ; ಹಸುವಿನ ಕೆಚ್ಚಲು ಬಾವಿನಂತೆಯೇ ಇಲ್ಲೂ ಹಾಲನ್ನು ಒಳಗೆ ಉಳಿಯಲು ಬಿಡಬಾರದು, ವೈದ್ಯರನ್ನು ಕಾಣುತ್ತಲೇ ಆ ಎದೆಯನ್ನೂ ಕೊಡುತ್ತಿರಬೇಕು.

ತಾಯಿಯ ಮೈಯಲ್ಲೇ ಕಾರಣವಿರುವುದು ಅಪರೂಪ, ಆದರೂ ಇದೆ. ಹೆರಿಗೆಯಲ್ಲಿ ರಕ್ತ ಬಹಳ ಹೋಗಿದ್ದರೆ, ಕಸ (ಮಾಸು) ಪೂರ್ತಿ ಬೀಳದೆ ಒಳಗೆ ತುಣುಕು ಉಳಿದಿದ್ದರೆ, ಥೈರಾಯ್ಡ್ ತೊಂದರೆಯಿದ್ದರೆ, ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆ ಆರಂಭಿಸಿದ್ದರೆ ಹಾಲು ನಿಜವಾಗಿಯೂ ಕಡಿಮೆಯಾಗಬಹುದು. ಇದನ್ನು ಕೇಳದೆ ಒಂದು ಸಲ ನಾನೇ ತಪ್ಪಿದ್ದೇನೆ. ಒಬ್ಬ ತಾಯಿಗೆ ನಿಪ್ಪಲ್ ಬಿಡಿಸಿ, ಹಿಡಿತ ತಿದ್ದಿ, ಎರಡು ವಾರ ‘ಇನ್ನೂ ಹೆಚ್ಚು ಸಲ ಕೊಡಮ್ಮ’ ಎಂದು ಒತ್ತಾಯಿಸಿದೆ. ಹೆರಿಗೆಯಾದಾಗಿನಿಂದ ಅವಳಿಗೆ ರಕ್ತಸ್ರಾವ ನಿಂತಿರಲೇ ಇಲ್ಲವೆಂಬುದನ್ನು ನಾನು ಕೇಳಿರಲಿಲ್ಲ, ಅವಳು ಸಂಕೋಚದಿಂದ ಹೇಳಿರಲಿಲ್ಲ. ಸ್ಕ್ಯಾನಿಂಗಿನಲ್ಲಿ ಕಸದ ತುಣುಕು ಕಂಡಿತು. ಅಂದಿನಿಂದ ‘ಬಟ್ಟೆ ಎಷ್ಟು ನೆನೆಯುತ್ತೆ’ ಎಂಬ ಪ್ರಶ್ನೆಯನ್ನು ನಾನು ಮೊದಲನೆಯ ಭೇಟಿಯಲ್ಲೇ ಕೇಳುತ್ತೇನೆ.

ತೂಕ ಸರಿಯಿದ್ದೂ ಅಳುವ ಮಗು

ಮೂತ್ರ, ಮಲ, ತೂಕ ಮೂರೂ ಸರಿಯಿದ್ದು ಸಂಜೆ ಆರರಿಂದ ಹತ್ತರವರೆಗೆ ಮಗು ಅಳುತ್ತದೆ, ಅರ್ಧ ಗಂಟೆಗೊಮ್ಮೆ ಎದೆ ಕೇಳುತ್ತದೆ ಎಂದಾದರೆ ಅಲ್ಲಿ ದೋಷವೇ ಇಲ್ಲ. ಹಸುಗೂಸಿನ ಅಳು ಆರನೆಯ ವಾರದ ಹೊತ್ತಿಗೆ ಹೆಚ್ಚಿನ ಮಟ್ಟ ಮುಟ್ಟಿ ಮೂರು ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತದೆ. ಇಂಥ ಮಗುವಿಗೆ ನಿಪ್ಪಲ್ ಕೊಡಬಹುದೇ ಎಂದು ಕೇಳಿದರೆ, ನಾನು ಕಟ್ಟುನಿಟ್ಟಾಗಿ ಕೂಡದು ಎನ್ನುವುದಿಲ್ಲ.

1989ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಪ್ರಕಟಿಸಿದ ಎದೆಹಾಲಿನ ಹತ್ತು ಸೂತ್ರಗಳಲ್ಲಿ ಒಂಬತ್ತನೆಯದು ಎದೆಹಾಲು ಕುಡಿಯುವ ಮಗುವಿಗೆ ನಿಪ್ಪಲ್ ಕೊಡಲೇಬಾರದು ಎಂದಿತ್ತು. 2018ರ ಪರಿಷ್ಕರಣೆಯಲ್ಲಿ ಅದು ಬಾಟಲಿ, ನಿಪ್ಪಲುಗಳ ಬಳಕೆ ಮತ್ತು ಅಪಾಯಗಳ ಬಗ್ಗೆ ತಾಯಿಗೆ ತಿಳಿಹೇಳಬೇಕು ಎಂದು ಬದಲಾಯಿತು. ಎದೆಹಾಲು ಕೊಡಲೇಬೇಕೆಂದು ಮನಸ್ಸು ಮಾಡಿದ ತಾಯಂದಿರ, ತಿಂಗಳು ತುಂಬಿ ಹುಟ್ಟಿದ ಆರೋಗ್ಯವಂತ ಮಕ್ಕಳಲ್ಲಿ ನಾಲ್ಕು ತಿಂಗಳವರೆಗಿನ ಎದೆಹಾಲಿನ ಮೇಲೆ ನಿಪ್ಪಲಿನಿಂದ ಗಮನಾರ್ಹ ಪರಿಣಾಮ ಕಾಣಲಿಲ್ಲವೆಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2016ರ ಪರಾಮರ್ಶೆ ಹೇಳಿತು. ನಿದ್ದೆಯಲ್ಲಿ ಹಠಾತ್ತಾಗಿ ಸಾಯುವ ಅಪಾಯ ತಗ್ಗುತ್ತದೆಂಬ ಕಾರಣಕ್ಕೆ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಮಲಗಿಸುವಾಗ ನಿಪ್ಪಲ್ ಕೊಡಲು ಸಲಹೆ ನೀಡುತ್ತದೆ, ಆದರೆ ಎದೆಹಾಲು ಚೆನ್ನಾಗಿ ನೆಲೆಗೊಂಡ ಮೇಲೆ ಎಂಬ ಷರತ್ತಿನೊಂದಿಗೆ. ನಮ್ಮ ಮನೆಗಳಲ್ಲಿ ಮರೆತುಹೋಗುವುದು ಆ ಷರತ್ತೇ.

ನನ್ನ ಅಳತೆ ಹೀಗಿದೆ: ಮಗುವಿಗೆ ನಾಲ್ಕರಿಂದ ಆರು ವಾರ ತುಂಬಿ, ಒಂದರ ಹಿಂದೊಂದು ಎರಡು ತೂಕಗಳು ಸರಿಯಾಗಿ ಏರಿದ್ದು, ತಾಯಿಗೆ ನೋವಿಲ್ಲದಿದ್ದರೆ, ಹಾಲು ಕುಡಿದು ಮುಗಿಸಿದ ಮೇಲೆ ನಿದ್ದೆಗೆ ಜಾರಿಸಲು ಮಾತ್ರ ಕೊಡಬಹುದು. ಹಾಲಿನ ಹೊತ್ತನ್ನು ಮುಂದೂಡಲು ಕೊಡಬಾರದು. ನಿದ್ದೆಯಲ್ಲಿ ಬಾಯಿಂದ ಬಿದ್ದರೆ ಮತ್ತೆ ಇಡಬೇಕಿಲ್ಲ. ಆರು ತಿಂಗಳ ನಂತರ ಕಿವಿಯ ಸೋಂಕಿಗೆ ಅದು ದಾರಿಯಾಗುವುದರಿಂದ ಅಷ್ಟರೊಳಗೆ ಬಿಡಿಸುವುದು ಒಳ್ಳೆಯದು.

ಕೊಡುವುದಾದರೆ ಒಂದೇ ಅಚ್ಚಿನಲ್ಲಿ ಮಾಡಿದ, ತುಂಡಾಗಿ ಬಿಚ್ಚಿಕೊಳ್ಳದ ನಿಪ್ಪಲ್ ಇರಲಿ; ಕುದಿಯುವ ನೀರಲ್ಲಿ ಐದು ನಿಮಿಷ ಇಟ್ಟು ಬಳಸಿ, ಬಿರುಕು ಕಂಡ ದಿನವೇ ಎಸೆಯಿರಿ. ಹತ್ತಿ ತುರುಕಿದ ಬಾಟಲಿಯ ನಿಪ್ಪಲ್ ಉಸಿರು ಕಟ್ಟಿಸಬಲ್ಲದು. ಕಪ್ಪು ದಾರದಲ್ಲಿ ಪೋಣಿಸಿ ಕೊರಳಿಗೆ ಕಟ್ಟುವುದನ್ನು ನಾನು ಅನೇಕ ಮನೆಗಳಲ್ಲಿ ಕಂಡಿದ್ದೇನೆ, ಕಂಡಲ್ಲೆಲ್ಲ ಕತ್ತರಿ ಕೇಳಿದ್ದೇನೆ. ಆ ದಾರ ತೊಟ್ಟಿಲಿನ ಕೊಂಡಿಗೆ ಸಿಕ್ಕಿಕೊಂಡರೆ ಕೊರಳು ಬಿಗಿಯುತ್ತದೆ. ನಿಪ್ಪಲನ್ನು ಜೇನಿಗೆ ಅದ್ದಿ ಕೊಡುವುದು ಒಂದು ವರ್ಷದೊಳಗಿನ ಮಗುವಿಗೆ ವಿಷವಾಗಬಲ್ಲದು, ಜೇನಿನಲ್ಲಿರಬಹುದಾದ ಬಾಟುಲಿಸಮ್ ರೋಗಾಣುವನ್ನು ಆ ಎಳೆಯ ಕರುಳು ತಡೆಯಲಾರದು. ಸಕ್ಕರೆ ನೀರೂ, ತೇಯ್ದ ಬಜೆಯೂ ಬೇಡ.

ಆಸ್ಪತ್ರೆಗೆ ಹೊರಡುವಾಗ

ಮನೆಯ ಪರೀಕ್ಷೆಯಿಂದ ಸರಿಹೋಗದೆ ತಾಲ್ಲೂಕು ಆಸ್ಪತ್ರೆಗೋ ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಗೋ ಹೋಗಬೇಕಾದಾಗ ತಾಯಿ ಕಾರ್ಡ್, ಗೆರೆ ಸೊನ್ನೆಗಳ ಹಾಳೆ, ತೂಕ ಬರೆದ ಚೀಟಿ ಮತ್ತು ಮಗು ಚೀಪುತ್ತಿದ್ದ ನಿಪ್ಪಲ್, ಈ ನಾಲ್ಕನ್ನೂ ಚೀಲದಲ್ಲಿಟ್ಟುಕೊಳ್ಳಿ. ನಿಪ್ಪಲ್ ತೋರಿಸಲು ನಾಚಿಕೆಪಡಬೇಡಿ. ಅದರ ಆಕಾರ, ಗಾತ್ರ, ಬಿರುಕು ಕಂಡರೆ ವೈದ್ಯರಿಗೆ ಹಿಡಿತದ ದೋಷ ಅರ್ಧ ತಿಳಿಯುತ್ತದೆ. ತಾಯಿ ಹಾಲೂಡುವುದನ್ನು ಅಲ್ಲಿ ನೋಡಬೇಕಾಗುವುದರಿಂದ ಮಗು ಹಸಿವಿನ ಸೂಚನೆ ತೋರುವ ಹೊತ್ತಿಗೆ ಆಸ್ಪತ್ರೆಯಲ್ಲಿರುವಂತೆ ಹೊರಡಿ. ಬಸ್ಸಿನಲ್ಲಿ ಅದು ಅತ್ತರೆ ಸೆರಗು ಮುಚ್ಚಿ ಎದೆಗೆ ಹಾಕಿಕೊಳ್ಳಿ, ಚೀಲದಲ್ಲಿರುವ ನಿಪ್ಪಲ್ ಅಲ್ಲೇ ಇರಲಿ.